ಕೈಗೆಟುಕುವ ಕಣ್ಣು

"ಸುಣ್ಣ ಒಣಗೋದ್ರೊಳಗೆ ಹೇಳಿಬಿಡಿ ಒಡೆಯರೇ" ಎಂದು ಚಿತ್ರಗಾರ ಎರಡನೆಯ ಸಲ ಹೇಳಿದಾಗ ದೇಸಿಮಿರ್ ದೊರೆ ತನ್ನ ಕೈಯಲ್ಲಿದ್ದ ಕೊರಡನ್ನೇ ನೋಡುತ್ತಿದ್ದ. ಗೋಡೆಯ ಮೇಲೆ ಈ ಕೊರಡು ಗುಮ್ಮಟವಿರುವ ಪುಟ್ಟ ಚರ್ಚಾಗುತ್ತದೆ. ಅದನ್ನು ಎರಡು ಕೈಯಲ್ಲೂ ಹಿಡಿದು ಅವನು ಕ್ರಿಸ್ತನಿಗೆ ಒಪ್ಪಿಸುತ್ತ ನಿಂತಿರುತ್ತಾನೆ, ಗೋಡೆ ನಿಂತಿರುವವರೆಗೂ. ಸದ್ಯಕ್ಕೆ ಅದು ಅಡುಗೆಮನೆಯ ಸೌದೆ ರಾಶಿಯಿಂದ ಬಂದದ್ದು. ಒಂದು ಬದಿ ಸುಟ್ಟು ಕಪ್ಪಾಗಿತ್ತು. ತೊಗಟೆಯ ಬಿರುಕಿನಿಂದ ಹೊರಬಂದ ಹುಳುವೊಂದು ಅವನ ಹೆಬ್ಬೆರಳ ತನಕ ಬಂದು, ಹತ್ತಲೋ ಬೇಡವೋ ಎಂದು ತಲೆ ಅಲ್ಲಾಡಿಸುತ್ತಿತ್ತು. ಕೊಡವಬೇಕೆಂದರೆ ಕೈ ಅಲುಗಬೇಕು. ಕೈ ಅಲುಗಿದರೆ ಅಟ್ಟಣೆಯ ಮೇಲಿನಿಂದ ಲಿಯೊಂದಿಯೋಸ್ ನಾಲಗೆ ಚಪ್ಪರಿಸುತ್ತಾನೆ. ಸೆಲೊನಿಕಾದಿಂದ ಕರೆಸಿದ ಗ್ರೀಕನವನು; ಯಾವ ದೊರೆಯೂ ಅವನಿಗೆ ಗೋಡೆಗೆ ಹಾಕಬೇಕಾದ ಇನ್ನೊಂದು ಮೈ ಅಷ್ಟೇ. ಬೆಳಗಿನಿಂದ ಹೀಗೆ ನಿಂತು ದೊರೆಯ ಭುಜ ಸೆಟೆದುಕೊಂಡಿತ್ತು. ಉಚ್ಚೆ ಬೇರೆ ಬರುತ್ತಿತ್ತು. ಅದನ್ನು ಹೇಳಲು ನಾಚಿಕೆಯಾಗಿ, ನಾಚಿಕೆಯಾಗುತ್ತಿದೆಯಲ್ಲ ಎಂದು ಸಿಟ್ಟು ಬಂದು, ಆ ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಅವನು ಹುಳುವನ್ನೇ ನೋಡಿದ. ಹೇಳಬೇಕಾದದ್ದು ಒಂದೇ ಮಾತು. ಗೋಡೆಯ ಮೇಲೆ ತನ್ನ ಬೆನ್ನ ಹಿಂದೆ ನಿಲ್ಲಲಿರುವ ತಮ್ಮ ಬೋಗ್ದಾಶನ ಕಣ್ಣು ತೆರೆದಿರಬೇಕೋ, ಮುಚ್ಚಿರಬೇಕೋ.

ಸುಣ್ಣದವನು ಗ್ರುಬಾಚ್ ಆಗಷ್ಟೇ ಆ ಜಾಗಕ್ಕೆ ಹಸಿ ಗಾರೆ ಬಳಿದು ಕೆಳಗಿಳಿದಿದ್ದ. ಕೊಚ್ಚಿದ ಹುಲ್ಲು ಬೆರೆಸಿದ ಗಾರೆ, ತೇವಕ್ಕೆ ಮಿಂಚುತ್ತಿತ್ತು; ಆರುವ ಮೊದಲೇ ಅದಕ್ಕೆ ಬಣ್ಣ ಹಿಡಿಸಬೇಕು. ಅದರ ಮುಂದೆ, ನಿನ್ನೆ ಬರೆದು ಆಗಲೇ ಬೆಳ್ಳಗೆ ಆರಿದ ಜಾಗದಲ್ಲಿ ದೊರೆಯ ಮುಖ: ಚೂಪು ಗಡ್ಡ, ತಲೆಯ ಸುತ್ತ ಚಿನ್ನದ ತಗಡಿನ ಪ್ರಭೆ, ಯಾರನ್ನೂ ನೋಡದ ದೊಡ್ಡ ಕಣ್ಣು. ಅದಕ್ಕೂ ಮುಂದೆ ಸನ್ಯಾಸಿಯ ಕಪ್ಪು ಉಡುಪಿನಲ್ಲಿ ತಾತ, ಆಮೇಲೆ ಅಪ್ಪ. ತಮ್ಮನಿಗೆ ಹಚ್ಚಿದ ಗಾರೆಯ ಜಾಗವನ್ನು ರಾಣಿ ತನ್ನ ಮಗ ವ್ಲಾದೋಯೆಗೆ ಎಂದು ಎಂದೋ ಗೊತ್ತು ಮಾಡಿಕೊಂಡಿದ್ದಳು. ದೊರೆಯ ಹಿಂದೆ ನಿಂತವನೇ ಮುಂದಿನ ದೊರೆ ಎಂದು ಗೋಡೆ ನೋಡಿದವರೆಲ್ಲ ತಿಳಿಯುತ್ತಾರೆ. ಆದರೆ ಹೋದ ವಾರ ತಾಯಿ ಹೇಸರಗತ್ತೆಯ ಮೇಲೆ ಬಂದಳು. ಅಪ್ಪ ಸತ್ತ ಮೇಲೆ ಸನ್ಯಾಸ ತೆಗೆದುಕೊಂಡು ಅನಿಸಿಯಾ ಎಂದು ಹೆಸರಿಟ್ಟುಕೊಂಡವಳು. ಮಾತಿನಲ್ಲಿ ಮಾತ್ರ ಇವತ್ತಿಗೂ ಮನೆಯ ಯಜಮಾನಿ. "ಇಬ್ಬರನ್ನೂ ಹೆತ್ತೋಳು ನಾನು. ಗೋಡೆ ಮೇಲೆ ಒಬ್ಬನ್ನೇ ನಿಲ್ಲಿಸ್ತೀಯಾ? ಆ ಗೋಡೆ ಮುಂದೆ ನಾನು ಮೊಣಕಾಲೂರಲ್ಲ, ತಿಳ್ಕೋ" ಎಂದಳು. ದೇಸಿಮಿರ್ ತಲೆಯಾಡಿಸಿದ. ತಾಯಿ ಎದುರಿಗಿದ್ದಾಗ ಅವನ ತಲೆ ತಾನಾಗಿಯೇ ಆಡುತ್ತಿತ್ತು. "ಅವನನ್ನ ಕರ್ಕೊಂಡೇ ಬರ್ತೀನಿ, ನೋಡಿ ಬರೀಲಿ" ಎಂದಾಗಲೂ ಆಡಿತು. ರಾಣಿಗೆ ಅವನು ಏನೂ ಹೇಳಲಿಲ್ಲ. ಇವತ್ತು ತಾಯಿ, ತಮ್ಮ ಇಬ್ಬರೂ ಬರುವ ದಿನ. ಬೋಗ್ದಾಶನನ್ನು ಅವನು ಕಬ್ಬಿಣ ಕಾಯಿಸಿದ ಆ ದಿನದಿಂದ ನೋಡಿರಲಿಲ್ಲ.

"ನಿಮ್ಮ ಕಡೆ ಹೆಂಗಸರಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು ಒಡೆಯರೇ" ಎಂದ ಲಿಯೊಂದಿಯೋಸ್, ಕುಂಚ ಬಾಯಲ್ಲಿ ಕಚ್ಚಿಕೊಂಡೇ. "ನದಿ ಆಚೆ ಹಳೇ ಚರ್ಚಿಗೆ ಹೋಗಿದ್ದೆ. ನಿಮ್ಮ ತಾತನಿಗೆ ಕಣ್ಣಿಲ್ಲ. ನಿಮ್ಮಪ್ಪನಿಗೂ ಇಲ್ಲ. ಸಂತ ನಿಕೋಲನಿಗೆ ಒಂದೇ ಕಣ್ಣು. ಚಾಕು ತಗೊಂಡು ಕೆರೆದು, ನೀರಲ್ಲಿ ಕದಡಿ ಕುಡೀತಾರಂತೆ, ದೃಷ್ಟಿ ಬರುತ್ತೆ ಅಂತ. ನಮ್ಮಂಥೋರು ಉಸಿರು ಬಿಗಿಹಿಡಿದು ಬರೆದಿದ್ದು ಯಾವುದೋ ಅಜ್ಜಿ ಹೊಟ್ಟೆ ಸೇರುತ್ತೆ."

"ಅಜ್ಜಿಗೆ ಕಣ್ಣು ಬಂತೋ ಇಲ್ವೋ, ಅದನ್ನ ಹೇಳು" ಎಂದ ಗ್ರುಬಾಚ್ ಕೆಳಗಿನಿಂದ.

"ಭೇದಿ ಬಂತು."

"ನಮ್ಮತ್ತೆಗೆ ಬಂದಿತ್ತು ಕಣೋ, ಕಣ್ಣೇ ಬಂದಿತ್ತು. ಆಮೇಲೆ ನಾನು ಏನು ಕದ್ರೂ ಅವಳಿಗೆ ಕಾಣ್ತಿತ್ತು."

"ಅದಕ್ಕೇ ರಾಣಿಯವ್ರು ಹೇಳಿದ್ದು ನಂಗೆ ಸರಿ ಅನ್ನಿಸ್ತು" ಎಂದು ಚಿತ್ರಗಾರ ಮುಂದುವರಿಸಿದ. "ದೊರೆ ಕಣ್ಣು ಯಾರ ಕೈಗೂ ಎಟುಕಬಾರದು ಅಂದ್ರು. ನೋಡಿ, ಕಾಲ ಕೆಳಗೆ ಕೆಂಪು ಮೆತ್ತೆ ಹಾಕಿ ನಿಮ್ಮನ್ನ ಮೇಲೆತ್ತಿದೀನಿ. ಎಷ್ಟು ಉದ್ದದ ಹೆಂಗಸಾದ್ರೂ ಗಡ್ಡಕ್ಕಿಂತ ಮೇಲೆ ಹೋಗಲ್ಲ ಕೈ."

ಹಳೆಯ ಚರ್ಚಿನ ಸಂಗತಿ ದೇಸಿಮಿರನಿಗೆ ಹೊಸದಲ್ಲ. ಅಪ್ಪನ ಕಣ್ಣಿದ್ದ ಜಾಗದಲ್ಲಿ ಎರಡು ಬಿಳಿ ಗುಳಿ ನೋಡಿದ ದಿನ ಅವನು ಕೂಗಾಡಿ ಅಲ್ಲಿ ಕಾವಲು ಹಾಕಿಸಿದ್ದ. ಕಾವಲಿನವರು ಒಂದು ಬೆಳಗ್ಗೆ ಮುದುಕಿಯೊಬ್ಬಳನ್ನು ಹಿಡಿದು ತಂದರು. ಅವರ ಮುಖದಲ್ಲಿ ಹೆದರಿಕೆಯಿತ್ತು, ಅವಳ ಮುಖದಲ್ಲಿರಲಿಲ್ಲ. ಪ್ರಸಾದದ ರೊಟ್ಟಿ ಕೊಯ್ಯುವ ಚಾಕು ಒಂದು ಕೈಯಲ್ಲಿ, ಬಟ್ಟಲು ಇನ್ನೊಂದು ಕೈಯಲ್ಲಿ. "ನನ್ನ ಗಂಡನ ಕಣ್ಣು. ತಗೊಳ್ಳಕ್ಕೆ ನಿನ್ನ ಅಪ್ಪಣೆ ಬೇಕಾ?" ಎಂದಳು ಅವ್ವ. ಆ ಬಟ್ಟಲಲ್ಲಿ ಅಪ್ಪನ ಎಡಗಣ್ಣು ಚಿಟಿಕೆಯಷ್ಟು ಪುಡಿಯಾಗಿತ್ತು, ಸ್ವಲ್ಪ ಕಪ್ಪು, ಸ್ವಲ್ಪ ಬಿಳುಪು. ಅದನ್ನು ಅವಳು ಮಠಕ್ಕೆ ಒಯ್ದು, ನೀರಿನಲ್ಲಿ ಕದಡಿ, ಬೋಗ್ದಾಶನ ರೆಪ್ಪೆಗಳನ್ನು ತೊಳೆಯುತ್ತಿದ್ದಳು. ಕಬ್ಬಿಣ ಸುಟ್ಟ ಕಣ್ಣು ಸುಣ್ಣದ ನೀರಿಗೆ ಬರುವುದುಂಟೇ ಎಂದು ಅವಳಿಗೆ ಯಾರೂ ಹೇಳಲಿಲ್ಲ. ದೇಸಿಮಿರ್ ಮೊದಲೇ ಹೇಳಲಿಲ್ಲ. ಹೇಳದಿರಲು ಅವನಿಗೆ ಇನ್ನೊಂದು ಕಾರಣವಿತ್ತು. ಬಂದರೂ ಬರಲಿ ಎಂದು ಅವನೂ ಕಾಯುತ್ತಿದ್ದ. ಮಠದ ಕಡೆಯಿಂದ ಬಂದವರನ್ನೆಲ್ಲ ಸುಮ್ಮನೆ ಕೇಳುವವನಂತೆ ಕೇಳುತ್ತಿದ್ದ: ಅವನು ನಡೆಯುವಾಗ ಎಡವುತ್ತಾನಾ? ಹಣತೆ ತಂದರೆ ಅತ್ತ ತಿರುಗುತ್ತಾನಾ? ಒಮ್ಮೆ ಜೇನು ಮಾರುವವನೊಬ್ಬ, ಬೋಗ್ದಾಶ್ ಪ್ರಭುಗಳು ತಟ್ಟೆಯಲ್ಲಿ ಮಾಗಿದ ಪ್ಲಮ್ ಹಣ್ಣನ್ನೇ ಆರಿಸಿ ತೆಗೆಯುತ್ತಾರೆ ಎಂದ. ಆ ವಾರವೆಲ್ಲ ದೊರೆ ಗಾಢವಾಗಿ ನಿದ್ದೆ ಮಾಡಿದ. ತನ್ನ ಅಪ್ಪಣೆಯಂತೆ ಕಾದ ಕಬ್ಬಿಣ ಹಿಡಿದ ಭಟ ಹ್ರೆಲ್ಯಾ ಕೈ ಸಡಿಲ ಮಾಡಿರಬೇಕು, ತಮ್ಮ ನಟಿಸುತ್ತಿರಬೇಕು, ಹಾಗಾದರೆ ಏನೂ ಆಗಿಯೇ ಇಲ್ಲ. ಏನೂ ಆಗದಿದ್ದರೆ ಅವನು ಕಾಣಬಲ್ಲವನು, ಕಾಣಬಲ್ಲವನು ಕಿರೀಟ ಕೇಳಬಲ್ಲವನು, ಆಗ ಇನ್ನೊಂದು ಸಲ ಮಾಡಿಸಬೇಕಾಗುತ್ತದೆ ಎಂಬ ಯೋಚನೆಯೂ ಅದೇ ನಿದ್ದೆಯ ಅಂಚಿನಲ್ಲಿ ಬಂತು. ಎಷ್ಟು ಸಲೀಸಾಗಿ ಬಂತು ಎಂಬುದನ್ನು ಅವನು ಯಾವ ಪಾದ್ರಿಗೂ ಹೇಳಿಕೊಂಡಿಲ್ಲ. ಬೋಗ್ದಾಶ್ ಹಣ್ಣನ್ನು ಮೂಸಿ ಆರಿಸುತ್ತಾನೆ ಎಂದು ಆಮೇಲೆ ಇನ್ನಾರೋ ಹೇಳಿದರು.

ಇದು ಅವನು ಕಟ್ಟಿಸುತ್ತಿರುವ ನಾಲ್ಕನೆಯ ಚರ್ಚು. ಬೆಟ್ಟದ ಗಣಿಗಳಿಂದ ಬೆಳ್ಳಿ ಬರುತ್ತಿತ್ತು, ಗಡಿಗಳು ದಕ್ಷಿಣಕ್ಕೆ ಸರಿದಿದ್ದವು, ಜಾತ್ರೆಗೆ ಹೋಗುವ ವರ್ತಕರು ದಾರಿಯಲ್ಲಿ ಕಳ್ಳರ ಭಯವಿಲ್ಲದೆ ಮಲಗುತ್ತಿದ್ದರು. ಒಳ್ಳೆಯ ಆಳ್ವಿಕೆ ಎಂದು ಪಾದ್ರಿಗಳು ಪ್ರಾರ್ಥನೆಯಲ್ಲಿ ಹೇಳುತ್ತಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ತಮ್ಮನ ವಿಷಯದಲ್ಲೂ ಜನ ದೊರೆಯನ್ನು ಮೆಚ್ಚಿಕೊಂಡೇ ಮಾತಾಡುತ್ತಿದ್ದರು. ಬೇರೆ ದೊರೆಯಾಗಿದ್ದರೆ ಕುತ್ತಿಗೆ ಕಡಿಸುತ್ತಿದ್ದ. ನಮ್ಮವನು ಕಣ್ಣಷ್ಟೇ ತೆಗೆಸಿ ಪ್ರಾಣ ಉಳಿಸಿದ. ರಾಣಿ ಇದನ್ನು ಊಟದ ಹೊತ್ತಿಗೆ ಹೇಳುತ್ತಿದ್ದಳು, ಅವನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ. "ಅವರಿಗೆ ಉಸಿರು ಕೊಟ್ಟಿದ್ದೇ ನೀವು." ಕುರುಡ ಸಿಂಹಾಸನ ಏರುವಂತಿಲ್ಲ; ಅದು ಎಲ್ಲ ದೇಶದ ಕಟ್ಟಳೆ; ಆದ್ದರಿಂದ ಕೊಲ್ಲಬೇಕಾಗಿಲ್ಲ. ಲೆಕ್ಕ ಸರಿಯಾಗಿತ್ತು. ತಪ್ಪು ಲೆಕ್ಕದಲ್ಲಿರಲಿಲ್ಲ, ಕುದುರೆಯಲ್ಲಿತ್ತು. ಗಣಿ ಸೀಮೆಯ ಪಾಳೆಯಗಾರರು ಬೋಗ್ದಾಶನಿಗೆ ಕೆಂಪು ಜೀನಿನ ಕುದುರೆಯೊಂದನ್ನು ಕಳಿಸಿದರು. ಕೆಂಪು ಜೀನು ದೊರೆಗೆ ಮಾತ್ರ ಸಲ್ಲುವುದು. ಅದನ್ನು ತೆಗೆದುಕೊಂಡವನು ದೊರೆತನಕ್ಕೆ ಕೈ ಚಾಚಿದ ಹಾಗೆ. ಬೋಗ್ದಾಶನಿಗೆ ಕುದುರೆ ಕಂಡರೆ ಜೀನು ಕಾಣುತ್ತಿರಲಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಮನೆತನದ ಸಂತ ನಿಕೋಲನ ಹಬ್ಬಕ್ಕೆ ಬಾ ಎಂದು ಅಣ್ಣ ಹೇಳಿ ಕಳಿಸಿದಾಗ ಅದೇ ಕುದುರೆಯ ಮೇಲೆ, ಅದೇ ಜೀನು ಹಾಕಿಕೊಂಡು ಬಂದ. ಅಂಗಳದಲ್ಲಿ ಇಳಿಯುವ ಮೊದಲೇ ಕೂಗಿದ್ದ: "ಅಣ್ಣಾ, ಇದರ ಕಿವಿ ನೋಡು, ಕಿವಿ!" ತೋರಿಸಲಿಕ್ಕೆಂದೇ ತಂದಿದ್ದ. ಬೆಳಗ್ಗೆ ಹಬ್ಬದ ರೊಟ್ಟಿಯನ್ನು ಮನೆಯವರೆಲ್ಲ ಸುತ್ತ ನಿಂತು, ಕೈಯಲ್ಲಿ ಕೈ ಸೇರಿಸಿ ತಿರುಗಿಸಿ, ಮುರಿದು, ಮುರಿದ ಕಡೆ ವೈನು ಹನಿಸಿ ಮುತ್ತಿಟ್ಟರು. ಅಣ್ಣನ ತುಟಿಯಾದ ಮೇಲೆ ತಮ್ಮನ ತುಟಿ. ಸಂಜೆ ಹ್ರೆಲ್ಯಾ ಬಾಗಿಲಲ್ಲಿ ನಿಂತಿದ್ದ.

ಹ್ರೆಲ್ಯಾನಿಗೆ ಅಪ್ಪಣೆ ಮೊದಲೇ ಕೊಟ್ಟಾಗಿತ್ತು. ಅವನು ಮತ್ತೆ ಬರಬೇಕಾಗಿರಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು, ಒಂದು ಕಾಲು ಹೊಸ್ತಿಲ ಒಳಗೆ ಒಂದು ಕಾಲು ಹೊರಗೆ ಇಟ್ಟು, "ಕಬ್ಬಿಣ ಕಾದಿದೆ ಒಡೆಯರೇ. ಇನ್ನೊಂದು ಸಲ ಕೇಳ್ಕೊಂಡು ಹೋಗೋಣ ಅಂತ" ಎಂದ. ದೇಸಿಮಿರ್ ಮೀನು ತಿನ್ನುತ್ತಿದ್ದ. ಮಾಂಸ ಬಿಡುವ ಉಪವಾಸದ ದಿನಗಳು, ಹಬ್ಬಕ್ಕೆ ಮೀನೇ. ಕೆರೆಯ ದೊಡ್ಡ ಮೀನಿನ ಬೆನ್ನಿನ ತುಂಡಿನಿಂದ ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಇಡುತ್ತಿದ್ದ. ಬೇಡ ಎಂಬ ಒಂದು ಮಾತು ಸಾಕಿತ್ತು. ಹ್ರೆಲ್ಯಾ ಅದಕ್ಕೇ ಬಂದಿದ್ದ. ಅವನ ಒರಟು ಮುಖ ಆ ಮಾತಿಗೆ ಬಾಯಿ ತೆರೆದುಕೊಂಡು ನಿಂತಿತ್ತು. ದೇಸಿಮಿರ್ ತಲೆ ಎತ್ತಲಿಲ್ಲ. "ಬಾಗಿಲು ಹಾಕ್ಕೋ. ಗಾಳಿ ಬರ್ತಿದೆ" ಎಂದ. ಹೊರಗೆ ಮಂಜು ಹತ್ತಿಯ ಹಾಗೆ ನಿಂತಿತ್ತು. ಮೇಜಿನ ಮೇಲಿನ ಮೇಣದ ಬತ್ತಿಯ ಉರಿ ಸೂಜಿಯಂತೆ ನೆಟ್ಟಗಿತ್ತು. ಆ ಉರಿಯನ್ನು ನೋಡುತ್ತಲೇ ಅವನು ಆ ಮಾತು ಆಡಿದ್ದ. ತಮ್ಮನನ್ನು ಕೆಳಗೆ ಹಳೆಯ ಬುರುಜಿನಲ್ಲಿಟ್ಟಿದ್ದಾರೆ, ಇಲ್ಲಿಯ ಮಾತು ಅಲ್ಲಿಗೆ ಕೇಳುವುದಿಲ್ಲ, ಅಲ್ಲಿಯದು ಇಲ್ಲಿಗೆ ಕೇಳುವುದಿಲ್ಲ ಎಂದು ಆಗಲೂ ಅಂದುಕೊಂಡ, ಆಮೇಲೂ ಅಂದುಕೊಳ್ಳುತ್ತ ಬಂದ. ಕೇಳಲೂ ಇಲ್ಲ. ಅಥವಾ ಅವನು ಮುಳ್ಳಿನ ಮೇಲೆ ಬಹಳ ಗಮನವಿಟ್ಟಿದ್ದ. ಹ್ರೆಲ್ಯಾ ಮರುವರ್ಷ ಜ್ವರ ಬಂದು ಸತ್ತ. ಅವನನ್ನು ಕೇಳುವ ಅವಕಾಶವೂ ಹೋಯಿತು. ಕೇಳುತ್ತಿದ್ದನೆಂದೇನಲ್ಲ.

"ಕೈ ಇಳೀತು ಒಡೆಯರೇ. ಚರ್ಚು ಬೀಳುತ್ತೆ."

ಅವನು ಕೊರಡನ್ನು ಮೇಲೆತ್ತಿದ. "ಮುಚ್ಚಿದ ಕಣ್ಣು ಬರೆದರೆ ಏನಾಗುತ್ತೆ?" ಎಂದು ಕೇಳಿದ. ದನಿ ಅವನಿಗೇ ಬೇರೆಯವರದು ಅನ್ನಿಸಿತು.

"ಸತ್ತವನು ಅಂತ ಆಗುತ್ತೆ. ನಮ್ಮ ಗೋಡೆ ಮೇಲೆ ಸತ್ತೋರು ಮಾತ್ರ ಕಣ್ಣು ಮುಚ್ಚೋದು. ದೇವಮಾತೆಯ ಮರಣದ ಚಿತ್ರ ನೋಡಿದೀರಲ್ಲ, ಕ್ರಿಸ್ತನನ್ನ ಶಿಲುಬೆಯಿಂದ ಇಳಿಸೋದು ನೋಡಿದೀರಲ್ಲ? ಬದುಕಿರೋನಿಗೆ ಮುಚ್ಚಿ ಬರೆದ್ರೆ ನಾಳೆ ಬಂದೋರು, ಪಾಪ, ಚಿಕ್ಕ ವಯಸ್ಸಲ್ಲೇ ತೀರಿಹೋದ ಅಂತಾರೆ. ತೆರೆದು ಬರೆದ್ರೆ..." ಲಿಯೊಂದಿಯೋಸ್ ಭುಜ ಕುಣಿಸಿದ. "ಅದು ನಿಮ್ಮ ಮನೆ ವಿಷಯ."

ತೆರೆದರೆ ಸುಳ್ಳು, ಮುಚ್ಚಿದರೆ ಸಾವು. ನಡೆದದ್ದನ್ನು ನಡೆದ ಹಾಗೆ ಹೇಳುವುದಕ್ಕೆ ಈ ಗೋಡೆಯಲ್ಲಿ ಜಾಗವಿಲ್ಲ ಎಂದು ದೇಸಿಮಿರನಿಗೆ ತಿಳಿದಾಗ ಮೊದಲು ಆದದ್ದು ಸಮಾಧಾನ. ಆ ಸಮಾಧಾನವನ್ನು ಅವನು ಗುರುತಿಸಿದ, ಹಳೆಯ ಪರಿಚಯದವನನ್ನು ಗುರುತಿಸಿದ ಹಾಗೆ. ತೆರೆದೇ ಬರೆಯಲಿ ಎಂದು ಬಾಯಿ ತೆರೆದ. ಆಗ ಹೊರಗೆ ಗೊರಸಿನ ಸದ್ದಾಯಿತು, ಅವ್ವ ಹೇಸರಗತ್ತೆಯನ್ನು ಬೈಯುವುದು ಕೇಳಿತು, ಆಮೇಲೆ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು.

ಬೋಗ್ದಾಶ್ ತಾಯಿಯ ಹೆಗಲ ಮೇಲೆ ಕೈ ಇಟ್ಟಿದ್ದ. ಅವಳು ಕುಳ್ಳಿ, ಅವನು ಉದ್ದ. ಅದಕ್ಕೇ ಬಾಗಿ ನಡೆಯುವುದು ಅವನಿಗೆ ಅಭ್ಯಾಸವಾದಂತಿತ್ತು. ಗಡ್ಡ ಬಾಚಿತ್ತು, ನಿಲುವಂಗಿ ಶುಭ್ರವಾಗಿತ್ತು. ರೆಪ್ಪೆಗಳು ಹೊಲಿದಂತೆ ಒಳಗೆ ಇಳಿದಿದ್ದವು. ಅಣ್ಣ ಊಹಿಸಿಕೊಂಡಿದ್ದಕ್ಕಿಂತ ಆ ಜಾಗ ಚಿಕ್ಕದಾಗಿತ್ತು, ಎರಡು ಬೆರಳು ಮುಚ್ಚಿಬಿಡುವಷ್ಟು. ಇಷ್ಟೇನಾ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವನು ಕೊರಡಿನ ಕಡೆ ಕಣ್ಣು ತಿರುಗಿಸಿದ.

"ಸುಣ್ಣ" ಎಂದ ಬೋಗ್ದಾಶ್, ಮೂಗರಳಿಸಿ. "ಹಸಿ ಸುಣ್ಣ. ಅಣ್ಣ ಎಲ್ಲಿ?"

ದೇಸಿಮಿರ್ ಎದುರಿಗೇ ಇದ್ದ. ಕೆಲವೇ ಮಾರು ದೂರದಲ್ಲಿ, ಕೊರಡು ಹಿಡಿದು, ಉಸಿರೂ ಸದ್ದಾಗದ ಹಾಗೆ ನಿಂತ. ತಮ್ಮನ ಮುಖ ಮೊದಲು ಕಂಬದ ಕಡೆ ತಿರುಗಿತು, ಆಮೇಲೆ ಕಿಟಕಿಯ ಕಡೆ. ತನ್ನನ್ನು ಹುಡುಕುವ ಆ ಮುಖವನ್ನು ತಾನು ಮರೆಯಲ್ಲಿದ್ದು ನೋಡುತ್ತಿದ್ದೇನೆ, ನೋಡಿಸಿಕೊಳ್ಳದೆ ನೋಡುತ್ತಿದ್ದೇನೆ ಎಂಬುದು ತಿಳಿದೂ ಇನ್ನೊಂದು ಗಳಿಗೆ ಹಾಗೇ ನಿಂತ.

"ಅಯ್ಯೋ, ಎದುರಿಗೇ ಇದಾರಲ್ಲಪ್ಪಾ!" ಎಂದ ಲಿಯೊಂದಿಯೋಸ್ ಮೇಲಿನಿಂದ.

"ಕೊರಡು ಹಿಡ್ಕೊಂಡು ನಿಂತಿದಾನೆ" ಎಂದಳು ಅವ್ವ. "ಸೌದೆ ಮಾರೋನ ಥರ. ಮಾತು ಬಾಯಲ್ಲಿ ಸಿಕ್ಕಾಕ್ಕೊಂಡಿದೆ ಅವನಿಗೆ."

ಬೋಗ್ದಾಶ್ ನಕ್ಕ. ನಗು ಹಾಗೇ ಇತ್ತು, ಮೊದಲು ಮೂಗಿನಲ್ಲಿ ಹುಟ್ಟಿ ಆಮೇಲೆ ಗಂಟಲಿಗೆ ಇಳಿಯುವುದು. ಅದನ್ನಾದರೂ ಬದಲಾಯಿಸಿಕೊಳ್ಳಬಾರದಿತ್ತೇ ಎಂದು ದೇಸಿಮಿರನಿಗೆ ಸಿಟ್ಟೇ ಬಂತು.

"ಬಾ ಬೋಗ್ದಾಶ್. ದಾರಿ ಹೇಗಿತ್ತು?" ಎಂದ. ಕಂದಾಯ ತರುವ ಅಧಿಕಾರಿಗಳನ್ನು ಕೇಳುವ ಪ್ರಶ್ನೆ.

"ನಂಗೇನು ಗೊತ್ತಣ್ಣ, ಹೇಸರಗತ್ತೆನ ಕೇಳ್ಬೇಕು. ಅದು ತುಂಬಾ ಬೈಸ್ಕೊಂಡು ಬಂತು."

"ಬೈಸ್ಕೊಳ್ಳೋ ಹಾಗೇ ನಡೀತದೆ ಅದು" ಎಂದಳು ಅವ್ವ. ಅವಳು ಆಗಲೇ ಗೋಡೆ ನೋಡುತ್ತಿದ್ದಳು. ತನ್ನ ಗಂಡನ ಮುಖದ ಮುಂದೆ ನಿಂತು, "ಮೂಗು ಇಷ್ಟು ನೆಟ್ಟಗೆ ಯಾವತ್ತಿತ್ತು ಇವನಿಗೆ" ಎಂದಳು.

ಚಿತ್ರಗಾರ ಅಟ್ಟಣೆಯಿಂದ ಇಳಿದು ಬಂದ. ಬಣ್ಣದ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಣ್ಣತಮ್ಮಂದಿರನ್ನು ಎತ್ತಿನ ಜೋಡಿ ನೋಡುವವನಂತೆ ಸುತ್ತಿ ನೋಡಿದ. "ಹೋದ ವಾರ ಅಮ್ಮನವ್ರು ಹೇಳಿದ್ದು ಸರಿ. ಒಂದೇ ಅಚ್ಚು. ದೊರೆಗಳನ್ನ ನೋಡಿ ಇವರನ್ನ ಬರೀಬಹುದು."

"ಹೌದಾ? ನನ್ನ ಮುಖ ನಂಗೆ ಮರೆತೇಹೋಗಿದೆ" ಎಂದ ಬೋಗ್ದಾಶ್. "ಕೊಡಣ್ಣಾ ನಿಂದು, ನೋಡೋಣ."

ಕೈ ಚಾಚಿದ. ದೇಸಿಮಿರ್ ಕೊರಡನ್ನು ನೆಲಕ್ಕಿಟ್ಟು ಮುಂದೆ ಬಂದ. ಬೆರಳುಗಳು ಮೊದಲು ಗಡ್ಡ ಮುಟ್ಟಿದವು, ಆಮೇಲೆ ಕೆನ್ನೆ, ಹಲ್ಲು ಹೋಗಿ ಒಳಗಿಳಿದ ಕಡೆ ಒಂದಿಷ್ಟು ನಿಂತವು, ಹಣೆಗೆ ಹೋದವು, ಹುಬ್ಬನ್ನು ಸವರಿದವು. ಬೆರಳ ತುದಿ ದಪ್ಪಗಾಗಿತ್ತು. ಮಠದಲ್ಲಿ ಬುಟ್ಟಿ ಹೆಣೆಯುತ್ತಾನೆ ಎಂದು ಕೇಳಿದ್ದು ನೆನಪಾಯಿತು. ಎರಡು ಹೆಬ್ಬೆರಳು ಎರಡು ರೆಪ್ಪೆಯ ಮೇಲೆ ಬಂದು ಕೂತವು. ದೇಸಿಮಿರ್ ಕಣ್ಣು ಮುಚ್ಚಿದ್ದ. ರೆಪ್ಪೆ ಎಂಬುದು ಎಷ್ಟು ತೆಳು ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಅದರ ಹಿಂದೆ ಗುಡ್ಡೆ ತಾನಾಗಿಯೇ ಅತ್ತಿತ್ತ ಹೊರಳಿತು, ಹಿಡಿದ ಮೀನಿನ ಹಾಗೆ. ಈಗ, ಎಂದುಕೊಂಡ. ಇಲ್ಲಿ ಕಾವಲಿಲ್ಲ, ಕೂಗಿದರೂ ಅವರು ಬರುವುದರೊಳಗೆ ಮುಗಿದುಹೋಗಿರುತ್ತದೆ. ಓಡಬೇಕು ಅನ್ನಿಸಲಿಲ್ಲ. ಒತ್ತಲಿ, ಒತ್ತಿಬಿಡಲಿ, ಲೆಕ್ಕ ಇಲ್ಲೇ ತೀರಲಿ ಎಂಬ ಆಸೆ ಹೊಟ್ಟೆಯಿಂದ ಹಸಿವಿನ ಹಾಗೆ ಎದ್ದಿತು. ತುಸುವೇ ತುಸು ಅವನು ಮುಖವನ್ನು ಮುಂದಕ್ಕೆ ಚಾಚಿದ ಕೂಡ. ಹೆಬ್ಬೆರಳುಗಳು ಕೆಳಗೆ ಜಾರಿದವು.

"ಕಣ್ಣ ಕೆಳಗೆ ಚೀಲ ಬಂದಿದೆಯಲ್ಲಣ್ಣ" ಎಂದ ಬೋಗ್ದಾಶ್. "ನಿದ್ದೆ ಮಾಡಲ್ವಾ ನೀನು?"

"ಕೆಲಸ ಜಾಸ್ತಿ" ಎಂದ ದೇಸಿಮಿರ್.

"ಹೂಂ. ನಾನು ಚೆನ್ನಾಗಿ ಮಾಡ್ತೀನಿ."

"ಸುಣ್ಣ, ಸ್ವಾಮೀ, ಸುಣ್ಣ!" ಎಂದು ಲಿಯೊಂದಿಯೋಸ್ ಗಾರೆಗೆ ಉಗುರು ಒತ್ತಿ ನೋಡಿದ. "ಬಿಗೀತಾ ಇದೆ. ಹೇಳಿ, ಯಾವುದು?"

"ಏನು ಯಾವುದು?" ಎಂದು ಬೋಗ್ದಾಶ್ ಕೇಳಿದ.

ಅವ್ವ ದೊಡ್ಡಮಗನ ಕಡೆ ತಿರುಗಿ, ತಲೆವಸ್ತ್ರದ ಅಂಚು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕಾದಳು. ಗ್ರುಬಾಚ್ ಗಾರೆ ಕಲಸುವುದನ್ನು ನಿಲ್ಲಿಸಿದ. ದೇಸಿಮಿರ್ ತಮ್ಮನ ಕಡೆ ತಿರುಗಿದ. "ನಿನ್ನ ಕಣ್ಣು" ಎಂದ. ಈ ಎರಡು ಪದಗಳನ್ನು ಒಟ್ಟಿಗೆ ಅವನು ಈವರೆಗೆ ಬಾಯಿಂದ ಆಡಿರಲಿಲ್ಲ. ಆವತ್ತು ಅಪ್ಪಣೆ ಕೊಟ್ಟಾಗಲೂ, ಆ ಕೆಲಸ, ಎಂದಷ್ಟೇ ಹೇಳಿದ್ದ. "ನಿನ್ನ ಕಣ್ಣು... ಗೋಡೆ ಮೇಲೆ. ತೆರೆದಿರಬೇಕಾ, ಮುಚ್ಚಿರಬೇಕಾ ಅಂತ ಕೇಳ್ತಿದಾನೆ. ಮುಚ್ಚಿದರೆ ಸತ್ತವನು ಅಂತ ಅಂದುಕೊಳ್ತಾರಂತೆ."

ಬೋಗ್ದಾಶ್ ಯೋಚಿಸಿದ. ಎಷ್ಟೋ ದಿನದಿಂದ ಸಂತೆಗೆ ಹೋಗದವನು, ನಿನಗೇನು ತರಲಿ ಎಂದು ಯಾರಾದರೂ ಕೇಳಿದಾಗ ಯೋಚಿಸುವ ಹಾಗೆ ಯೋಚಿಸಿದ. "ಎಷ್ಟು ಎತ್ತರಕ್ಕೆ ಬರೀತೀಯಾ?" ಎಂದು ಚಿತ್ರಗಾರನನ್ನು ಕೇಳಿದ.

"ಗಾರೆ ಹಾಕಿರೋದು ಇಲ್ಲಿ. ನೆಟ್ಟಗೆ ನಿಂತರೆ ನಿಮ್ಮ ಕಣ್ಣು ಒಂದಾಳಿಗಿಂತ ಮೇಲೆ."

"ಅವ್ವನ ಕೈಗೆ ಸಿಗುತ್ತಾ?"

ಅವ್ವ ಹೋಗಿ ಗೋಡೆಗೆ ಒತ್ತಿ ನಿಂತು ಕೈ ಚಾಚಿದಳು. ಸಿಗಲಿಲ್ಲ.

"ತೆರೆದೇ ಬರಿ" ಎಂದ ಬೋಗ್ದಾಶ್. "ಆದರೆ ಕೆಳಗೆ ಬರಿ. ಅವ್ವನಂಥೋರ ಕೈಗೆ ಎಟುಕೋ ಹಾಗೆ. ಹೆಂಗಸರು ಬರ್ತಾರಲ್ಲ, ಚಾಕು ತಗೊಂಡು? ತಗೊಂಡು ಹೋಗ್ಲಿ. ಯಾರ ಮನೇಲೋ ಯಾರಿಗೋ ಬೇಕಾಗಿರುತ್ತೆ. ನೀನು ಸುಳ್ಳು ಬರೆದೆ ಅಂತ ಆಗಲ್ಲ, ಹೆದರಬೇಡ. ಸ್ವಲ್ಪ ಕಾಲ ಹೋದರೆ ಚಿತ್ರ ತಾನೇ ಸರಿಹೋಗುತ್ತೆ."

ಗ್ರುಬಾಚ್ ಶಿಲುಬೆಯ ಗುರುತು ಹಾಕಿಕೊಂಡ. ಚಿತ್ರಗಾರ ಕುಂಚದ ಹಿಡಿಯಿಂದ ಗಾರೆ ಅಳೆದು, "ಬಾಗಿ ನಿಂತ ಹಾಗೆ ಬರೆದರೆ ಇದೇ ಗಾರೆಯಲ್ಲಿ ಆಗುತ್ತೆ. ತಲೆ ಇಳಿಯುತ್ತೆ" ಎಂದು ಗೊಣಗಿದ.

"ಬಾಗೇ ಇರ್ತಾನೆ ಅವನು" ಎಂದಳು ಅವ್ವ.

"ನಂದೂ" ಎಂದ ದೇಸಿಮಿರ್.

ಎಲ್ಲರೂ ತಿರುಗಿದರು, ಬೋಗ್ದಾಶನೂ.

"ನನ್ನದನ್ನೂ ಕೆಳಗೆ ತಾ. ಅದೇ ಎತ್ತರಕ್ಕೆ. ಮೆತ್ತೆ ತೆಗಿ."

"ಒಡೆಯರೇ, ಅದು ಆರಿದ ಮುಖ!" ಲಿಯೊಂದಿಯೋಸ್ ನಿಜಕ್ಕೂ ಹೌಹಾರಿದ. "ಚಿನ್ನ ಕೂತಿದೆ. ರಾಣಿಯವ್ರಿಗೆ ಏನು ಹೇಳಲಿ? ಅದನ್ನ ಸರಿಸೋಕಾಗಲ್ಲ, ಒಡೆದು ತೆಗೀಬೇಕು."

"ಒಡಿ."

ಗ್ರುಬಾಚ್ ಸುತ್ತಿಗೆ ತೆಗೆದುಕೊಂಡು ಅಟ್ಟಣೆ ಹತ್ತಿದ. ಮುಖದ ಎದುರು ನಿಂತು ಹಿಂತಿರುಗಿ ನೋಡಿದ. "ನಿಜವಾಗ್ಲೂ ಹೊಡೀಲಾ ಒಡೆಯರೇ? ಆಮೇಲೆ ದೊರೆ ಮುಖಕ್ಕೆ ಹೊಡೆದ ಅಂತ ನನ್ನ ನೇತಾಕಬೇಡಿ."

"ಹೊಡಿ ಅಂದೆನಲ್ಲ."

ಮೊದಲ ಪೆಟ್ಟಿಗೆ ಪ್ರಭೆ ಬಿರಿಯಿತು. ಎರಡನೆಯದಕ್ಕೆ ಹಣೆ ಹಲಗೆಯಂತೆ ಬಿಟ್ಟುಕೊಂಡು ಕೆಳಗೆ ಬಿತ್ತು. ಸುಣ್ಣದ ಧೂಳು ಎದ್ದು ಎಲ್ಲರ ಗಂಟಲಿಗೂ ಇಳಿಯಿತು. ದೇಸಿಮಿರನ ಎದೆ ಹಗುರವಾಯಿತು. ಹಗುರವಾದದ್ದೇ ತಡ ಅವನು ತಮ್ಮನ ಕಡೆ ನೋಡಿದ, ತಾನು ಮಾಡಿದ್ದು ಹೇಗೆ ತಟ್ಟಿತು ಎಂದು ತಿಳಿಯಲು. ಬೋಗ್ದಾಶ್ ಧೂಳಿಗೆ ಕೆಮ್ಮುತ್ತ, ತೋಳಿನಿಂದ ಮೂಗು ಮುಚ್ಚಿಕೊಂಡು ಕಂಬದ ಕಡೆ ತಿರುಗಿ ನಿಂತಿದ್ದ. ಅವ್ವನನ್ನು ನೋಡಿದ. ಅವಳು ನೆಲದ ಮೇಲೆ ಕೂತು ಚೂರುಗಳನ್ನು ಬೆರಳಿಂದ ಕೆದಕುತ್ತಿದ್ದಳು. ಚಿತ್ರಗಾರ ಚಿನ್ನದ ತಗಡಿನ ತುಣುಕು ಹೆಕ್ಕುತ್ತಿದ್ದ. ಯಾರೂ ಏನೂ ಹೇಳಲಿಲ್ಲ. ಹೇಳಲಿ ಎಂದು ತಾನು ಕಾಯುತ್ತಿದ್ದೆ ಎಂಬುದು ಆಗ ಅವನಿಗೆ ತಿಳಿಯಿತು, ನಾಲ್ಕನೆಯ ಚರ್ಚಿನಲ್ಲೂ, ಹಿಂದಿನ ಮೂರರಲ್ಲೂ.

ಅವ್ವ ಬೇಕಾದ ಚೂರನ್ನು ಹುಡುಕಿದಳು. ಅದರಲ್ಲಿ ಒಂದು ಕಣ್ಣು ಇಡಿಯಾಗಿತ್ತು, ನಿನ್ನೆ ಕೊನೆಯದಾಗಿ ಇಟ್ಟ ಬಿಳಿ ಚುಕ್ಕೆಯ ಸಮೇತ. ಊದಿ ಧೂಳು ಹಾರಿಸಿ ತಲೆವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡಳು.

"ನಂದೂ ಕೆಲಸಕ್ಕೆ ಬರುತ್ತಾ ಅವ್ವಾ?" ಎಂದು ದೇಸಿಮಿರ್ ಮೆಲ್ಲಗೆ ಕೇಳಿದ. ನಗುವಿನಂತೆ ಕೇಳಬೇಕೆಂದಿದ್ದ, ಆಗಲಿಲ್ಲ.

"ನೀನೇನು ಸಂತನಾ?" ಎಂದಳು ಅವಳು, ಮೊಣಕಾಲು ಹಿಡಿದು ಏಳುತ್ತ. "ಇರ್ಲಿ. ಹಾಕಿ ನೋಡ್ತೀನಿ."

ಅವರು ಹೊರಟರು. ಕತ್ತಲಾಗುವುದರೊಳಗೆ ಮಠ ಸೇರಬೇಕು. ಊಟ ಮಾಡಿಕೊಂಡು ಹೋಗಿ ಎಂದು ದೇಸಿಮಿರ್ ಅಂದ, ಬರುವ ಹಬ್ಬಕ್ಕೆ ರೊಟ್ಟಿ ಮುರಿಯಲು ಬಾ ಎಂದು ತಮ್ಮನಿಗೆ ಹೇಳಬೇಕೆಂದುಕೊಂಡು ಹೇಳಲಿಲ್ಲ, ಅವ್ವನ ಹೆಗಲ ಮೇಲಿನ ಕೈಯನ್ನೇ ನೋಡಿದ. ಬಾಗಿಲು ತೆರೆದಾಗ ಹೊಳೆಯ ಕಡೆಯಿಂದ ಮೂಡಣ ಗಾಳಿ ಒಮ್ಮೆಲೇ ನುಗ್ಗಿತು. ಕಲ್ಲುಹಾಸಿನ ಮೇಲೆ ಸುಣ್ಣದ ಪುಡಿ ಓಡಾಡಿತು, ಸಂತರ ಮುಂದಿನ ದೀಪಗಳು ಆರಿದವು.

"ಬಾಗಿಲು ಹಾಕ್ಕೊಳ್ರಪ್ಪಾ!" ಎಂದು ಲಿಯೊಂದಿಯೋಸ್ ಹಸಿ ಗಾರೆಗೆ ಎದೆ ಅಡ್ಡ ಕೊಟ್ಟು ಕೂಗಿದ. "ಗಾಳಿ ಬರ್ತಿದೆ! ಸುಣ್ಣ ಹಾಳಾಗುತ್ತೆ!"

ಅವ್ವ ಆಗಲೇ ಹೊರಗಿದ್ದಳು. ಬೋಗ್ದಾಶ್ ಹೊಸ್ತಿಲ ಮೇಲೆ ನಿಂತ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಗಾಳಿ ಅವನ ನಿಲುವಂಗಿಯನ್ನು ಮೈಗೆ ಒತ್ತಿ ಹಿಡಿದಿತ್ತು. ಮುಖವನ್ನು ಅತ್ತ ಎತ್ತಿ, ಕೆನ್ನೆಯ ಮೇಲೆ ಅದನ್ನು ಬಿಟ್ಟುಕೊಂಡು, ಪರೀಕ್ಷೆ ಮಾಡುವವನಂತೆ ಕೆಲವು ಕ್ಷಣ ಇದ್ದ. ಆಮೇಲೆ ಒಳಕ್ಕೆ ತಿರುಗಿದ, ಅಣ್ಣ ನಿಂತಿದ್ದ ಕಡೆಗೇ, ಈ ಸಲ ಸ್ವಲ್ಪವೂ ತಪ್ಪದೆ.

"ಇವತ್ತು ನಿಜವಾಗ್ಲೂ ಗಾಳಿ ಇದೆ ಅಣ್ಣಾ" ಎಂದ.

ಚಿಲಕವನ್ನು ಕೈಯಲ್ಲಿ ತಡಕಿ ಹುಡುಕಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡು ಹೋದ.

ಹಾಗಾದರೆ ಆ ಹಬ್ಬದ ಸಂಜೆ ತಮ್ಮ ಬುರುಜಿನಲ್ಲಿ ಇರಲಿಲ್ಲ. ಬಾಗಿಲ ಆಚೆಯೇ ಇದ್ದ, ಗಾಳಿಯ ಆ ಮಾತು ಕೇಳಿಸಿಕೊಂಡಿದ್ದ. ಹ್ರೆಲ್ಯಾನ ಬೆನ್ನ ಹಿಂದೆ, ಕಣ್ಣಿದ್ದವನಾಗಿ, ಒಳಗಿನ ಬತ್ತಿಯ ನೆಟ್ಟನೆಯ ಉರಿಯನ್ನು ನೋಡುತ್ತ ನಿಂತಿದ್ದ. ಅವನು ಕೊನೆಗೆ ಕಂಡದ್ದು ಅದು. ದೇಸಿಮಿರ್ ಬಾಗಿಲನ್ನು ನೋಡಿದ. ಹೊರಗೆ ಅವ್ವ ಹೇಸರಗತ್ತೆಯನ್ನು ಬೈಯುವುದು, ತಮ್ಮ ಮೂಗಿನಿಂದ ನಗುವುದು ಕೇಳಿಸಿತು. ಗಾಳಿ ಅದನ್ನೂ ತೆಗೆದುಕೊಂಡು ಹೋಯಿತು.

"ಕೊರಡು ತಗೊಳ್ಳಿ ಒಡೆಯರೇ" ಎಂದ ಚಿತ್ರಗಾರ, ಕುಂಚ ಅದ್ದುತ್ತ. "ಹೊಸದಾಗಿ ಬರೀಬೇಕು. ಬಾಗಿ ನಿಲ್ಲಿ."

ಅವನು ಬಾಗಿದ.

"ಇನ್ನೂ ಸ್ವಲ್ಪ" ಎಂದ ಲಿಯೊಂದಿಯೋಸ್.